ಶಾಲೆಯ ಅಡುಗೆಯವರಿಗೆ, ಆಫೀಸಿನವರಿಗೆ, ಗುಡಿಸುವವರಿಗೆ ಸನ್ಮಾನ ಹೇಗಿರಬೇಕು?

ಪ್ರಶ್ನೆ: ನಾನು ಕೇರಳದ ಕಾಸರಗೋಡಿನ ಕುಂಬಳೆ ಉಪಜಿಲ್ಲೆಯ ಒಂದು ಸರಕಾರಿ ಕನ್ನಡ ಮಾಧ್ಯಮ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಯ ಪಿಟಿಎ (ಶಿಕ್ಷಕ-ರಕ್ಷಕ ಸಂಘ) ಅಧ್ಯಕ್ಷ. 260 ಮಕ್ಕಳಿದ್ದಾರೆ. ಅಡುಗೆಯ ಅಕ್ಕ 16 ವರ್ಷದಿಂದ ಇದ್ದಾರೆ. ಆಫೀಸ್ ಅಟೆಂಡೆಂಟ್ ಈ ಆಗಸ್ಟ್ ಕೊನೆಗೆ ನಿವೃತ್ತರಾಗುತ್ತಾರೆ. ಗುಡಿಸುವವರು, ಬಸ್ಸಿನ ಡ್ರೈವರ್, ಆಯಾ ಇದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ಇಂಥವರಿಗಾಗಿಯೇ ವರ್ಷಕ್ಕೊಂದು ವಾರ ಇದೆ ಎಂದು ಅಲ್ಲಿರುವ ನನ್ನ ತಂಗಿ ಹೇಳಿದಳು. ನಮ್ಮಲ್ಲೂ ಏನಾದರೂ ಮಾಡಬೇಕೆಂದಿದೆ. ವಾರ್ಷಿಕೋತ್ಸವದಲ್ಲಿ ಶಾಲು, ಹಾರ, ಸ್ಮರಣಿಕೆ ಕೊಟ್ಟರೆ ಸಾಕೇ? ಕಮಿಟಿಯಲ್ಲಿ ಒಬ್ಬರು "ಸಂಬಳ ಸಿಗ್ತದಲ್ಲ, ಮತ್ತೆಂಥ ಸನ್ಮಾನ?" ಎಂದರು. ಕೈಯಲ್ಲಿರುವುದು 10,000 ರೂಪಾಯಿ. ಏನು ಮಾಡಬಹುದು?

ಉತ್ತರ:

ಅಧ್ಯಕ್ಷರೇ, ನಿಮ್ಮ ಪತ್ರ ಓದಿ ಬಹಳ ಖುಷಿಯಾಯಿತು. ಈ ಭಾಗದ ಶಾಲೆಗಳಲ್ಲಿ ಹೆಡ್ ಮಾಷ್ಟ್ರಾಗಿ ಇದ್ದವನು ನಾನು. ಇಂಥ ಪ್ರಶ್ನೆ ಕೇಳುವವರು ಕಡಿಮೆ.

ನಿಮ್ಮ ತಂಗಿ ಹೇಳಿದ್ದು ನಿಜ. ಕ್ಯಾಲಿಫೋರ್ನಿಯಾದಲ್ಲಿ 1986ರಿಂದ ಮೇ ತಿಂಗಳ ಮೂರನೇ ವಾರವನ್ನು ಶಾಲೆಯ ಬೋಧಕೇತರ ನೌಕರರಿಗೆ ಮೀಸಲಿಟ್ಟಿದ್ದಾರೆ. ಬಸ್ ಓಡಿಸುವವರು, ಅಡುಗೆಯವರು, ಕಾವಲಿನವರು, ಆಫೀಸಿನವರು ಎಲ್ಲರೂ ಅದರಲ್ಲಿ ಬರುತ್ತಾರೆ. ಆದರೆ ಮೇ ತಿಂಗಳು ನಮಗೆ ಆಗುವುದಿಲ್ಲ. ನಮ್ಮ ಶಾಲೆಗಳಿಗೆ ಆಗ ರಜೆ. ಅಡುಗೆಯವರು ಮನೆಯಲ್ಲಿ ಬೀಡಿ ಕಟ್ಟುತ್ತಲೋ, ಯಾರದೋ ತೋಟದಲ್ಲಿ ಕೆಲಸ ಮಾಡುತ್ತಲೋ ಇರುತ್ತಾರೆ. ನಮ್ಮ ದಿನವನ್ನು ನಾವೇ ಹುಡುಕಿಕೊಳ್ಳಬೇಕು.

ವಾರ್ಷಿಕೋತ್ಸವ ಬೇಡ ಎಂದು ನಾನು ಮೊದಲೇ ಹೇಳಿಬಿಡುತ್ತೇನೆ. ಆ ದಿನ ಇವರಿಗೆಲ್ಲ ವರ್ಷದಲ್ಲೇ ಜಾಸ್ತಿ ಕೆಲಸ. ಅಡುಗೆಯ ಅಕ್ಕ ಅತಿಥಿಗಳ ಚಾ, ತಿಂಡಿ, ಪಾಯಸದ ನಡುವೆ ಇರುತ್ತಾರೆ. ಗುಡಿಸುವವರು ಮೈದಾನಕ್ಕೂ ವೇದಿಕೆಗೂ ಓಡುತ್ತಿರುತ್ತಾರೆ. ಅಟೆಂಡೆಂಟ್ ಕುರ್ಚಿ ಹೊರುತ್ತಿರುತ್ತಾರೆ. ಮೈಕ್‌ನಲ್ಲಿ ಹೆಸರು ಕರೆದಾಗ ಅಕ್ಕ ಒದ್ದೆ ಸೆರಗು ಸರಿಮಾಡಿಕೊಂಡು ಓಡಿ ಬರುತ್ತಾರೆ, ಅರ್ಧ ನಿಮಿಷದಲ್ಲಿ ಶಾಲು ಹೊದೆಸಿಕೊಂಡು ಮತ್ತೆ ಒಲೆಯ ಹತ್ತಿರ ಹೋಗುತ್ತಾರೆ. ಫೋಟೋದಲ್ಲಿ ಎಂಎಲ್ಎ, ಪಂಚಾಯತ್ ಅಧ್ಯಕ್ಷರು ಎಲ್ಲರೂ ಇರುತ್ತಾರೆ. ಮನೆಯವರು ಮಾತ್ರ ಇರುವುದಿಲ್ಲ, ಅವರಿಗೆ ಯಾರೂ ಹೇಳಿರುವುದಿಲ್ಲ. ಇದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. ಪ್ರತಿ ಸಲವೂ ಬೇಸರವಾಗಿದೆ.

ನಿವೃತ್ತಿಯ ವಿಷಯದಲ್ಲೂ ಒಂದು ತೊಡಕಿದೆ, ಎಷ್ಟೋ ಕಮಿಟಿಗಳು ಗಮನಿಸುವುದಿಲ್ಲ. ಕೇರಳದ ಸೇವಾ ನಿಯಮದಲ್ಲಿ ಶಿಕ್ಷಕರಿಗೆ ಶಾಲಾ ವರ್ಷದ ಮಧ್ಯದಲ್ಲಿ ನಿವೃತ್ತಿಯ ವಯಸ್ಸು ತುಂಬಿದರೆ ವರ್ಷ ಮುಗಿಯುವ ತನಕ ಇರಬಹುದು. ಹಾಗಾಗಿ ಮಾರ್ಚ್ ಹೊತ್ತಿಗೆ ವಿದಾಯ ಕೂಟ ಇಟ್ಟರೆ ಅವರೆಲ್ಲ ಅದರಲ್ಲಿ ಬರುತ್ತಾರೆ. ಬೋಧಕೇತರ ನೌಕರರಿಗೆ ಆ ಅನುಕೂಲ ಇಲ್ಲ. 2013ರ ಏಪ್ರಿಲ್‌ಗೆ ಮುಂಚೆ ಸೇರಿದವರಾದರೆ 56 ತುಂಬಿದ ತಿಂಗಳ ಕೊನೆಯ ದಿನ ಹೊರಡಬೇಕು. ಅದು ಆಗಸ್ಟ್ ಆಗಿರಬಹುದು, ನವೆಂಬರ್ ಆಗಿರಬಹುದು. ಆಗ ಶಾಲೆಯಲ್ಲಿ ಪರೀಕ್ಷೆಯೋ ಕಲೋತ್ಸವದ ಗಡಿಬಿಡಿಯೋ ಇರುತ್ತದೆ. ಸ್ಟಾಫ್ ರೂಮಿನಲ್ಲಿ ಒಂದು ಚಾ, ಒಂದು ಲಡ್ಡು, ಅಷ್ಟೇ. "ವಾರ್ಷಿಕೋತ್ಸವಕ್ಕೆ ಕರೀತೇವೆ" ಎನ್ನುತ್ತಾರೆ. ಮಾರ್ಚ್ ಬರುವಾಗ ಹೊಸ ಹೆಡ್ ಮಾಷ್ಟ್ರು ಬಂದಿರುತ್ತಾರೆ, ಕರೆಯುವುದು ಮರೆತೇ ಹೋಗುತ್ತದೆ. ನಿಮ್ಮ ಅಟೆಂಡೆಂಟ್‌ಗೆ ಹೀಗಾಗಬಾರದು. ಆಗಸ್ಟ್ ಕೊನೆಯ ವಾರದಲ್ಲೇ, ಶಾಲೆ ನಡೆಯುವ ಒಂದು ದಿನ, ಮಕ್ಕಳೆಲ್ಲ ಇರುವಾಗ ಬೆಳಗ್ಗಿನ ಅಸೆಂಬ್ಲಿಯಲ್ಲಿ ಕಾರ್ಯಕ್ರಮ ಮಾಡಿ. ಓಣಂ ರಜೆ ಯಾವಾಗ ಬರುತ್ತದೆ ನೋಡಿಕೊಂಡು ದಿನ ಇಡಿ. ಮನೆಯವರನ್ನು ಕರೆಯಿರಿ. ಮಕ್ಕಳು ಮಂಗಳೂರಲ್ಲೋ ಗಲ್ಫಲ್ಲೋ ಇದ್ದರೆ ತಿಂಗಳ ಮುಂಚೆಯೇ ಫೋನ್ ಮಾಡಿ ತಿಳಿಸಿ.

ಗುಡಿಸುವ ಪಾರ್ಟ್ ಟೈಮ್ ನೌಕರರ ಕತೆ ಬೇರೆ. ಅವರು 70 ವರ್ಷದ ತನಕ ಕೆಲಸ ಮಾಡಬಹುದು. ಅವರ ನಿವೃತ್ತಿಗೆ ಕಾದು ಕೂತರೆ, ಅಷ್ಟರಲ್ಲಿ ಅವರನ್ನು ಬಲ್ಲ ಮಕ್ಕಳೂ ಶಿಕ್ಷಕರೂ ಶಾಲೆ ಬಿಟ್ಟಿರುತ್ತಾರೆ. ಅಡುಗೆಯವರಿಗಂತೂ ನಿವೃತ್ತಿ ಎನ್ನುವ ಆದೇಶವೂ ಇಲ್ಲ, ಪಿಂಚಣಿಯೂ ಇಲ್ಲ. ಒಂದು ಜೂನ್‌ನಲ್ಲಿ ಅವರು ಬರುವುದಿಲ್ಲ, ಬೇರೆ ಯಾರೋ ಬರುತ್ತಾರೆ. ಹಾಗಾಗಿ ಇವರಿಬ್ಬರ ಸನ್ಮಾನವನ್ನು ಕೆಲಸದಲ್ಲಿರುವಾಗಲೇ ಮಾಡಬೇಕು.

ಇನ್ನು ಸನ್ಮಾನದಲ್ಲಿ ಏನಿರಬೇಕು? ಶಾಲು, ಹಾರ, ಹಣ್ಣಿನ ತಟ್ಟೆ ಬೇಡ ಎಂದು ನಾನು ಹೇಳುವುದಿಲ್ಲ. ನಮ್ಮ ಊರಲ್ಲಿ ಮರ್ಯಾದೆ ಮಾಡುವ ಕ್ರಮ ಅದು. ಯಕ್ಷಗಾನದ ಕಲಾವಿದರಿಗೆ, ಮಾಷ್ಟ್ರುಗಳಿಗೆ ಹೊದೆಸಿದ ಶಾಲು ಅಡುಗೆಯ ಅಕ್ಕನಿಗೂ ಸಿಗಲೇಬೇಕು. ಆದರೆ ಅದಕ್ಕಿಂತ ಮೊದಲಿನ ಒಂದು ಕೆಲಸ ಇದೆ. ಅವರು ದಿನಾ ಏನು ಮಾಡುತ್ತಾರೆ ಎಂದು ಶಾಲೆ ಸರಿಯಾಗಿ ತಿಳಿದುಕೊಳ್ಳಬೇಕು. ನಿಮ್ಮ ಕಮಿಟಿಯಲ್ಲಿ ಎಷ್ಟು ಜನ ಬೆಳಿಗ್ಗೆ ಒಂಬತ್ತಕ್ಕೆ ಅಡುಗೆ ಕೋಣೆಯಲ್ಲಿ ಅರ್ಧ ಗಂಟೆ ನಿಂತಿದ್ದಾರೆ? ಒಮ್ಮೆ ನಿಂತು ನೋಡಲಿ. "ಸಂಬಳ ಸಿಗ್ತದಲ್ಲ" ಎಂದವರನ್ನೇ ಮೊದಲು ಕಳಿಸಿ, ಪ್ರೀತಿಯಿಂದಲೇ ಕಳಿಸಿ.

ಇದಕ್ಕೆ ಮಕ್ಕಳನ್ನೂ ಸೇರಿಸಿಕೊಳ್ಳಬಹುದು. ಏಳನೇ ಕ್ಲಾಸಿನವರಿಗೆ ಒಂದು ಲೆಕ್ಕ ಕೊಡಿ. ಮಧ್ಯಾಹ್ನದೂಟಕ್ಕೆ ಐದನೇ ತನಕದ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, ಆರರಿಂದ ಎಂಟರವರಿಗೆ 150 ಗ್ರಾಂ. ನಿಮ್ಮ 260 ಮಕ್ಕಳಲ್ಲಿ 180 ಮಂದಿ ಐದರ ತನಕದವರು, 80 ಮಂದಿ ಮೇಲಿನವರು ಎಂದಿಟ್ಟುಕೊಳ್ಳಿ. 18 ಕಿಲೋ, ಮೇಲೆ 12 ಕಿಲೋ. ದಿನಕ್ಕೆ 30 ಕಿಲೋ ಅಕ್ಕಿ. ವರ್ಷಕ್ಕೆ 200 ಶಾಲಾ ದಿನ ಹಿಡಿದರೂ 6,000 ಕಿಲೋ. 50 ಕಿಲೋದ ಚೀಲವಾದರೆ 120 ಚೀಲ. ಅಷ್ಟು ಅಕ್ಕಿ ಗೇರಿ, ತೊಳೆದು, ಬೇಯಿಸಿ, ಬಸಿದದ್ದು ಮುಖ್ಯವಾಗಿ ಒಬ್ಬ ಹೆಂಗಸಿನ ಎರಡು ಕೈ. ವಾರಕ್ಕೆ ಎರಡು ದಿನ 150 ಮಿಲಿ ಲೀಟರ್ ಹಾಲು, ಅಂದರೆ ದಿನಕ್ಕೆ 39 ಲೀಟರ್ ಕಾಯಿಸಬೇಕು. ವಾರಕ್ಕೊಮ್ಮೆ ಮೊಟ್ಟೆ ಬೇಯಿಸಬೇಕು. ಮೊಟ್ಟೆ ತಿನ್ನದ ಮಕ್ಕಳಿಗೆ ನೇಂದ್ರ ಬಾಳೆಹಣ್ಣು ಬೇರೆ ಎತ್ತಿಡಬೇಕು, ಯಾರಿಗೆ ಯಾವುದು ಎಂದು ನೆನಪಿರಬೇಕು. 2025ರ ಆಗಸ್ಟ್‌ನಿಂದ ಮೆನುವಿನಲ್ಲಿ ಫ್ರೈಡ್ ರೈಸ್, ಲೆಮನ್ ರೈಸ್, ವೆಜ್ ಬಿರಿಯಾನಿ ಎಲ್ಲ ಬಂದಿದೆ. ಮಕ್ಕಳಿಗೆ ಒಳ್ಳೆಯದೇ, ನಾನೂ ಒಪ್ಪುತ್ತೇನೆ. ಆದರೆ ಅಷ್ಟು ತರಕಾರಿ ಸಣ್ಣಗೆ ಹೆಚ್ಚಬೇಕಲ್ವಾ?

ಇಲ್ಲೇ ಇನ್ನೊಂದು ವಿಷಯ. ಕೇಂದ್ರದ ಲೆಕ್ಕದಲ್ಲಿ 25 ಮಕ್ಕಳ ತನಕ ಒಬ್ಬರು, 100ರ ತನಕ ಇಬ್ಬರು, ಆಮೇಲೆ ಪ್ರತಿ ನೂರಕ್ಕೆ ಒಬ್ಬರು ಅಡುಗೆಯವರು. 260 ಮಕ್ಕಳಿಗೆ ನಾಲ್ಕು ಮಂದಿ ಆಯಿತು. ಕೇರಳದಲ್ಲಿ 500 ಮಕ್ಕಳ ತನಕ ಒಬ್ಬರೇ. ಅದರ ಬದಲಿಗೆ ದಿನಗೂಲಿ ಜಾಸ್ತಿ ಕೊಡುತ್ತಾರೆ ಎಂಬುದನ್ನೂ ಹೇಳಬೇಕು. ಕೇಂದ್ರದ ಗೌರವಧನ 2009ರಿಂದ ತಿಂಗಳಿಗೆ 1,000 ರೂಪಾಯಿಯಲ್ಲೇ ನಿಂತಿದೆ, ಕೇರಳದ ಕೂಲಿ ಅದಕ್ಕಿಂತ ಎಷ್ಟೋ ಹೆಚ್ಚು. ಆದರೂ ಒಬ್ಬರಿಂದ ಆಗುವ ಕೆಲಸ ಅಲ್ಲ ಅದು. ಹಾಗಾಗಿ ಎಷ್ಟೋ ಶಾಲೆಗಳಲ್ಲಿ ಅಡುಗೆಯ ಅಕ್ಕನ ಜೊತೆ ಇನ್ನೊಬ್ಬರು ಇರುತ್ತಾರೆ. ತಂಗಿಯೋ, ನೆರೆಮನೆಯವರೋ. ಅವರಿಗೆ ಅಕ್ಕ ತನ್ನ ಕೂಲಿಯಿಂದಲೇ ಒಂದು ಪಾಲು ಕೊಡುತ್ತಾರೆ, ಇಲ್ಲವಾದರೆ ಪಿಟಿಎ ಏನಾದರೂ ಕೊಡುತ್ತದೆ. ಆ ಎರಡನೆಯವರ ಹೆಸರು ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ. ನಿಮ್ಮ ಶಾಲೆಯಲ್ಲೂ ಅಂಥವರಿದ್ದಾರಾ ನೋಡಿ. ಇದ್ದರೆ ವೇದಿಕೆಗೆ ಇಬ್ಬರನ್ನೂ ಕರೆಯಿರಿ. ಒಬ್ಬರನ್ನೇ ಕರೆದರೆ ಇನ್ನೊಬ್ಬರಿಗೆ ಅದಕ್ಕಿಂತ ದೊಡ್ಡ ನೋವು ಬೇರೆ ಇಲ್ಲ.

2019ರಲ್ಲಿ ಕಾಞಂಗಾಡಿನಲ್ಲಿ ರಾಜ್ಯ ಶಾಲಾ ಕಲೋತ್ಸವ ನಡೆದದ್ದು ನಿಮಗೆ ನೆನಪಿರಬಹುದು. ಅಲ್ಲಿ ಊಟದ ಹೊಣೆ ಹೊತ್ತಿದ್ದ ಪಳಯಿಡಂ ಮೋಹನನ್ ನಂಬೂದಿರಿಯವರ ಅಡುಗೆಯ ಬಗ್ಗೆ ಪತ್ರಿಕೆಗಳು ದಿನಾ ಬರೆದವು. ಸಾವಿರಾರು ಮಂದಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕುವುದು ದೊಡ್ಡ ವಿದ್ಯೆ, ಆ ಗೌರವ ಸಲ್ಲಬೇಕಾದದ್ದೇ. ವರ್ಷದ 200 ದಿನ ನಮ್ಮ ಊರಿನ ಶಾಲೆಯಲ್ಲಿ ಊಟ ಹಾಕುವವರ ಬಗ್ಗೆಯೂ ಊರಿನ ಪತ್ರಿಕೆಯಲ್ಲಿ ನಾಲ್ಕು ಸಾಲು ಬರಲಿ ಎಂದು ನನ್ನ ಆಸೆ. ಕಾರ್ಯಕ್ರಮದ ವರದಿ ಕಳಿಸುವಾಗ ಉದ್ಘಾಟಕರ ಹೆಸರಿಗಿಂತ ಮೊದಲು ಅವರ ಹೆಸರು, ಮಾಡಿದ ಕೆಲಸ ಬರೆಯಿರಿ.

ಮಾನಪತ್ರದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಶಾಲೆಗಳು ಎಡವುವುದು ಇಲ್ಲೇ. ನಮ್ಮಲ್ಲಿ ಒಂದು ಹಳೆಯ ಮಾನಪತ್ರ ಇರುತ್ತದೆ. ಹೆಸರು ಬದಲಿಸಿ ಅದನ್ನೇ ಓದುತ್ತಾರೆ. "ನಿಸ್ವಾರ್ಥ ಸೇವಾಮೂರ್ತಿಗಳೇ, ಕರ್ತವ್ಯನಿಷ್ಠರೇ, ಸರಳ ಸಜ್ಜನರೇ" ಎಂದೆಲ್ಲ. ಯಾರಿಗೆ ಓದಿದರೂ ಸರಿಹೊಂದುತ್ತದೆ. ಅದನ್ನು ಕೇಳುತ್ತಾ ನಿಂತವರಿಗೆ ತನ್ನ ಬಗ್ಗೆ ಹೇಳುತ್ತಿದ್ದಾರೆ ಎಂದು ಅನಿಸುವುದೇ ಇಲ್ಲ. ಅದನ್ನು ಬಿಟ್ಟುಬಿಡಿ. ಒಬ್ಬ ಟೀಚರ್, ಇಬ್ಬರು ಮಕ್ಕಳು ಅಕ್ಕನ ಹತ್ತಿರ ಕೂತು ಮಾತಾಡಲಿ. ಆಮೇಲೆ ಹೀಗೆ ಬರೆಯಲಿ:

"ಹದಿನಾರು ವರ್ಷದಿಂದ ಈ ಶಾಲೆಯ ಅಡುಗೆ ಕೋಣೆಯ ಬೀಗ ತೆಗೆಯುವವರು ನೀವು. ಮಳೆಗಾಲದಲ್ಲಿ ತೋಡು ತುಂಬಿ ಬಸ್ಸು ಬಾರದ ದಿನವೂ ನಡೆದುಕೊಂಡು ಬಂದಿದ್ದೀರಿ. ಕಟ್ಟಿಗೆ ಒಲೆಯ ಹೊಗೆಯಲ್ಲಿ ಬೇಯಿಸಿದ್ದೀರಿ, ಗ್ಯಾಸ್ ಬಂದ ಮೇಲೂ ಬೇಯಿಸಿದ್ದೀರಿ. ಮನೆಯಲ್ಲಿ ತಿಂಡಿ ತಿನ್ನದೆ ಬರುವ ಮಕ್ಕಳು ಯಾರೆಂದು ಕ್ಲಾಸ್ ಟೀಚರಿಗಿಂತ ಮೊದಲು ನಿಮಗೆ ಗೊತ್ತಾಗುತ್ತದೆ. ಕೊರೋನ ಮುಗಿದು 2021ರ ನವೆಂಬರ್ 1ಕ್ಕೆ ಶಾಲೆ ಮತ್ತೆ ತೆರೆದಾಗ, ಜೇಡರ ಬಲೆ ಹಿಡಿದ ಹಂಡೆಗಳನ್ನು ತಿಕ್ಕಿ ತೊಳೆದವರು ನೀವು."

ಇದು ಮಾದರಿ ಅಷ್ಟೇ. ನಿಮ್ಮ ಅಕ್ಕನ ವಿಷಯದಲ್ಲಿ ಯಾವುದು ನಿಜವೋ ಅದನ್ನೇ ಹಾಕಿ, ನಿಜವಲ್ಲದ ಒಂದು ವಾಕ್ಯವೂ ಬೇಡ. ಓದಲು ಮಕ್ಕಳಿಗೇ ಕೊಡಿ. ಫ್ರೇಮಿನ ಒಳಗೆ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿಸಿ. ಅಕ್ಕನ ಮನೆಮಾತು ತುಳುವಾದರೆ ಮಗು ಎರಡು ಮಾತು ತುಳುವಿನಲ್ಲೂ ಹೇಳಲಿ.

ಅಟೆಂಡೆಂಟ್ ಬಗ್ಗೆ ಬರೆಯುವಾಗ ನಮ್ಮ ಗಡಿನಾಡಿನ ಒಂದು ವಿಷಯ ಮರೆಯಬೇಡಿ. ಮೇಲಿನಿಂದ ಬರುವ ಸುತ್ತೋಲೆ ಮಲಯಾಳದಲ್ಲಿ ಇರುತ್ತದೆ. ಸ್ಕಾಲರ್‌ಶಿಪ್ ಫಾರ್ಮ್ ಹಿಡಿದುಕೊಂಡು ಬರುವ ಅಜ್ಜಿಗೆ ತುಳು, ಕನ್ನಡ ಬಿಟ್ಟು ಬೇರೆ ಬಾರದು. ಇನ್ನೊಬ್ಬ ತಾಯಿಗೆ ಬ್ಯಾರಿ ಭಾಷೆ, ಮತ್ತೊಬ್ಬರಿಗೆ ಮರಾಠಿ. ಇವರೆಲ್ಲರ ಮಾತು ಕೇಳಿ, ಯಾವ ಕಾಗದ ತರಬೇಕು, ಯಾವ ಕೌಂಟರಿಗೆ ಹೋಗಬೇಕು ಎಂದು ಆಫೀಸಿನ ಬಾಗಿಲಲ್ಲೇ ತಿಳಿಸಿ ಕಳಿಸುವವರು ಇವರೇ. ಎಷ್ಟೋ ಮಕ್ಕಳಿಗೆ ಜಾತಿ ಸರ್ಟಿಫಿಕೇಟ್, ಆಧಾರ್ ತಿದ್ದುಪಡಿ ಸಮಯಕ್ಕೆ ಆದದ್ದು ಇವರು ನೆನಪಿಸಿದ್ದರಿಂದ. ಇನ್ನೂ ಒಂದು ಮಾತು. ತೆಂಕಣ ಜಿಲ್ಲೆಗಳಿಂದ ವರ್ಗವಾಗಿ ಬಂದ ಕೆಲವು ಗುಮಾಸ್ತರು ಮಕ್ಕಳಿಗಾಗಿ ಕನ್ನಡ ಅಕ್ಷರ ಕಲಿತದ್ದನ್ನು ನಾನು ಕಂಡಿದ್ದೇನೆ. ಕನ್ನಡ ಶಾಲೆಗೆ ಕನ್ನಡ ಬಾರದವರನ್ನು ಹಾಕುವುದರ ವಿರುದ್ಧ ನಾವು ಹೋರಾಡುತ್ತೇವೆ, ಹೋರಾಡಲೇಬೇಕು. ಜೊತೆಗೆ, ಬಂದು ಕಲಿತವರನ್ನು ಎದುರಿಗೆ ಕರೆದು ಹೊಗಳಲೂಬೇಕು. ನಿಮ್ಮ ಹತ್ತಿರದ ಹೈಸ್ಕೂಲಿನಲ್ಲಿ ಅಂಥವರಿದ್ದರೆ ಅವರನ್ನೂ ಈ ಕಾರ್ಯಕ್ರಮಕ್ಕೆ ಕರೆಯಿರಿ.

ಆಯಾ, ಡ್ರೈವರ್ ಇಬ್ಬರೂ ಹೆಚ್ಚಾಗಿ ಪಿಟಿಎ ಸಂಬಳದವರು. ಅಂದರೆ ಅವರ ಯಜಮಾನರು ನೀವೇ. ಅವರಿಗೆ ಮೊದಲ ಸನ್ಮಾನ ಪ್ರತಿ ತಿಂಗಳ ಐದನೇ ತಾರೀಕಿನ ಒಳಗೆ ಸಂಬಳ. ಎರಡನೆಯದು ಇಷ್ಟು ವರ್ಷ ಇಲ್ಲಿ ಕೆಲಸ ಮಾಡಿದ್ದಾರೆ ಎಂಬ ಅನುಭವ ಪತ್ರ, ಹೆಡ್ ಮಾಷ್ಟ್ರ ಸಹಿ, ಸೀಲು ಹಾಕಿ. ನಾಳೆ ಅವರು ಬೇರೆ ಕಡೆ ಅರ್ಜಿ ಹಾಕುವಾಗ ಸ್ಮರಣಿಕೆಗಿಂತ ಆ ಕಾಗದ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಆಯಾಗಳ ಕೆಲಸ ಎಷ್ಟು ಕಷ್ಟದ್ದು ಎಂದು ನೋಡಬೇಕಾದರೆ ಎಂಡೋಸಲ್ಫಾನ್ ಕೀಟನಾಶಕದಿಂದ ಪೀಡಿತವಾದ ಪಂಚಾಯತುಗಳ ಬಡ್ಸ್ ಶಾಲೆಗೆ, ಅಂದರೆ ಬುದ್ಧಿಮಾಂದ್ಯ ಮಕ್ಕಳ ವಿಶೇಷ ಶಾಲೆಗೆ, ಒಮ್ಮೆ ಹೋಗಿ ಬನ್ನಿ. ಇಪ್ಪತ್ತು ವರ್ಷದ ಮಗನನ್ನು ಎತ್ತಿ ಕೂರಿಸಿ, ಬಟ್ಟೆ ಬದಲಿಸಿ, ಉಣ್ಣಿಸುವ ಹೆಂಗಸರು ಅಲ್ಲಿದ್ದಾರೆ. ನಿಮ್ಮ ಉಪಜಿಲ್ಲೆಯಲ್ಲಿ ಏನಾದರೂ ದೊಡ್ಡದಾಗಿ ಮಾಡುವುದಾದರೆ ಅವರನ್ನು ಬಿಟ್ಟು ಮಾಡಬೇಡಿ.

ಹಣದ ವಿಷಯ. ಅಟೆಂಡೆಂಟ್, ಗುಡಿಸುವವರು ಸರಕಾರಿ ನೌಕರರು. ಅವರಿಗೆ 1960ರ ಕೇರಳ ಸರಕಾರಿ ನೌಕರರ ನಡತೆ ನಿಯಮ ಅನ್ವಯಿಸುತ್ತದೆ. ಬೆಲೆಬಾಳುವ ಉಡುಗೊರೆ, ಹಣ, ಚಿನ್ನ ಕೊಡಲು ಹೋಗಬೇಡಿ. ಪ್ರೀತಿಯಿಂದ ಕೊಟ್ಟದ್ದೇ ಅವರಿಗೆ ತೊಂದರೆ ತರಬಹುದು. ಹೆಡ್ ಮಾಷ್ಟ್ರ ಮೂಲಕ ಎಇಒ (ಉಪಜಿಲ್ಲೆಯ ಸಹಾಯಕ ಶಿಕ್ಷಣಾಧಿಕಾರಿ) ಆಫೀಸಿಗೆ ಮೊದಲೇ ಒಂದು ಪತ್ರ ಬರೆದು ತಿಳಿಸಿ. ಪತ್ರ ಕನ್ನಡದಲ್ಲೇ ಇರಲಿ. 1969ರ ಕೇರಳ ಆಡಳಿತ ಭಾಷಾ ಕಾಯ್ದೆ ನಮ್ಮಂಥ ಭಾಷಾ ಅಲ್ಪಸಂಖ್ಯಾತರಿಗೆ ಆ ಹಕ್ಕು ಕೊಟ್ಟಿದೆ. ಮಕ್ಕಳಿಂದ ತಲೆಗೆ ಇಷ್ಟು ಎಂದು ವಸೂಲಿ ಮಾಡುವುದಂತೂ ಬೇಡವೇ ಬೇಡ. ಕೊಡಲಾಗದ ಮಗು ಆ ದಿನ ತಲೆ ತಗ್ಗಿಸಿ ಕೂರುವುದು ಯಾರಿಗೂ ಬೇಡ.

ನಿಮ್ಮ 10,000ವನ್ನು ನಾನಾದರೆ ಹೀಗೆ ಖರ್ಚು ಮಾಡುತ್ತೇನೆ. ಶಾಲು, ಹಾರ, ಫ್ರೇಮ್ ಎಲ್ಲ ಸೇರಿ 3,000ದ ಒಳಗೆ ಮುಗಿಸುತ್ತೇನೆ. ಉಳಿದದ್ದರಲ್ಲಿ ಅವರ ಕೆಲಸ ಹಗುರ ಮಾಡುವ ವಸ್ತು ತರುತ್ತೇನೆ. ಏನು ಬೇಕೆಂದು ಅವರನ್ನೇ ಕೇಳಿ. ನಾವು ಮಿಕ್ಸಿ ಎಂದುಕೊಂಡಿರುತ್ತೇವೆ, ಅವರಿಗೆ ಬೇಕಾದದ್ದು ನಿಂತು ತರಕಾರಿ ಹೆಚ್ಚಲು ಸೊಂಟದ ಎತ್ತರದ ಮೇಜು ಆಗಿರಬಹುದು. ಗುಡಿಸುವವರಿಗೆ ಗ್ಲೌಸ್, ಗಮ್ ಬೂಟ್, ಉದ್ದ ಕೋಲಿನ ಬ್ರಷ್ ಬೇಕಿರಬಹುದು. ಶೌಚಾಲಯ ತೊಳೆಯುವವರ ಕೈಗೆ ಬರೀ ಹಿಡಿಸೂಡಿ, ಆಸಿಡ್ ಬಾಟ್ಲಿ ಕೊಟ್ಟು, ಆಮೇಲೆ ಅದೇ ಕೈಗೆ ಸ್ಮರಣಿಕೆ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಅಡುಗೆಯವರಿಗೆ ಹೆಲ್ತ್ ಕಾರ್ಡ್ ಮಾಡಿಸಬೇಕು ಎಂಬ ನಿಯಮ ಇದೆಯಲ್ಲ, ಅದರ ಖರ್ಚು, ಓಡಾಟ ಪಿಟಿಎ ವಹಿಸಿಕೊಳ್ಳಲಿ. ಹಾಗೆಯೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಶುಗರ್, ಕಣ್ಣು ಪರೀಕ್ಷೆಯೂ ಆಗಲಿ.

ಆ ದಿನದ ಊಟದ ಬಗ್ಗೆ. ಅಡುಗೆಯನ್ನು ಕಮಿಟಿಯವರೂ ತಾಯಂದಿರ ಪಿಟಿಎಯವರೂ ಮಾಡಲಿ, ಅಕ್ಕನ ಆ ದಿನದ ಕೂಲಿ ಕಡಿಯದಂತೆ ಹೆಡ್ ಮಾಷ್ಟ್ರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ದಿನಗೂಲಿಯವರಿಗೆ ಒಂದು ದಿನದ ಕೂಲಿ ದೊಡ್ಡದು. ಆಮೇಲೆ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಣ್ಣಿ. ಶಿಕ್ಷಕರಿಗೆ ಸ್ಟಾಫ್ ರೂಮಿನಲ್ಲಿ, ಇವರಿಗೆ ಅಡುಗೆ ಕೋಣೆಯ ಹಿಂದೆ ಎಂದು ಮಾಡಬೇಡಿ. 2004ರಲ್ಲಿ ಸುಪ್ರೀಂ ಕೋರ್ಟು ಶಾಲೆಯ ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದ್ಯತೆ ಕೊಡಿ ಎಂದು ಆದೇಶ ಮಾಡಬೇಕಾಗಿ ಬಂತು. ಯಾಕೆ ಬೇಕಾಯಿತು ಎಂದು ನಮಗೆಲ್ಲ ಗೊತ್ತು. ಇವರ ಪಕ್ಕದಲ್ಲಿ ಕೂತು ಊರಿನ ದೊಡ್ಡವರು ಉಣ್ಣುವುದನ್ನು ಮಕ್ಕಳು ನೋಡಲಿ.

ಒಬ್ಬರನ್ನು ಆರಿಸಿ "ಉತ್ತಮ ನೌಕರ" ಪ್ರಶಸ್ತಿ ಕೊಡುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ಅರ್ಜಿ ಹಾಕಿ, ಮಾಡಿದ ಸಾಧನೆ ಬರೆಯಿರಿ ಎಂದರೆ ಇವರಲ್ಲಿ ಯಾರೂ ಹಾಕುವುದಿಲ್ಲ. ಹಾಕುವಂತೆ ಯಾರಾದರೂ ಮಾಡಿದರೆ ಉಳಿದ ನಾಲ್ವರಿಗೆ ಸುಮ್ನೆ ಮನಸ್ತಾಪ. ನಿಮ್ಮಲ್ಲಿ ಇರುವುದೇ ಐದಾರು ಮಂದಿ, ಎಲ್ಲರಿಗೂ ಮಾಡಿ. ಯಾರಿಗಾದರೂ ವೇದಿಕೆ ಹತ್ತಲು ಇಷ್ಟವಿಲ್ಲದಿದ್ದರೆ ಒತ್ತಾಯ ಬೇಡ. ಮಕ್ಕಳು ಅವರಿದ್ದಲ್ಲಿಗೇ ಹೋಗಿ ಮಾನಪತ್ರ ಓದಿ ಕೊಡಲಿ.

ಕಮಿಟಿಯವರ ಪ್ರಶ್ನೆಗೆ ನೀವು ಹೇಳಬಹುದಾದದ್ದು ಇಷ್ಟು. ಸಂಬಳ ಸಿಗುತ್ತದೆ, ಸರಿ. ಅಡುಗೆಯವರಿಗೆ ಕೂಲಿ ತಿಂಗಳುಗಟ್ಟಲೆ ತಡವಾದದ್ದೂ ಇದೆ. ಆಗಲೂ ಒಂದು ದಿನ ಒಲೆ ಹತ್ತದೆ ಇರಲಿಲ್ಲ, ಅಲ್ವಾ? ಕೂಲಿ ಬಾರದ ತಿಂಗಳು ಬೇಯಿಸಿದ್ದಕ್ಕೆ ಯಾವ ಸಂಬಳದ ಲೆಕ್ಕ? ಇನ್ನು ಮುಂದೆ ಹಾಗೆ ತಡವಾದರೆ ಪಿಟಿಎ ಮುಂಗಡವಾಗಿ ಕೊಟ್ಟು, ಹಣ ಬಂದಾಗ ಹೊಂದಿಸಿಕೊಳ್ಳುವ ಕ್ರಮವನ್ನು ಇದೇ ಸಭೆಯಲ್ಲಿ ನಿರ್ಣಯ ಮಾಡಿ ಬರೆದಿಡಿ.

ಉಪಜಿಲ್ಲೆಯ ಮಟ್ಟದಲ್ಲಿ ಮಾಡುವ ಆಸೆ ಇದ್ದರೆ ಮೊದಲ ವರ್ಷ ನಿಮ್ಮ ಶಾಲೆಯಲ್ಲಿ ಚೆನ್ನಾಗಿ ಮಾಡಿ, ಮಾನಪತ್ರಗಳ ಪ್ರತಿಗಳನ್ನು ಪಕ್ಕದ ನಾಲ್ಕೈದು ಶಾಲೆಗಳ ಪಿಟಿಎಗೆ ಕಳಿಸಿ. ಅದನ್ನು ಓದಿದ ಮೇಲೆ ಕೆಲವರಾದರೂ ತಾವಾಗಿ ಫೋನ್ ಮಾಡುತ್ತಾರೆ. ಅಂಥವರನ್ನು ಜೊತೆಗೆ ಕರೆದುಕೊಂಡು ಮುಂದಿನ ಜೂನ್‌ನಲ್ಲಿ ಎಇಒ ಅವರನ್ನು ಕಾಣಿ. ಸದ್ಯಕ್ಕೆ ಆಗಸ್ಟ್ ಹತ್ತಿರ ಬಂತು. ಅಟೆಂಡೆಂಟರ ಪಿಂಚಣಿ ಕಾಗದಗಳು ಮುಂದೆ ಹೋಗಿವೆಯೇ, ಸರ್ವಿಸ್ ಬುಕ್ಕಿನಲ್ಲಿ ಏನಾದರೂ ಬಾಕಿ ಇದೆಯೇ ಎಂದು ಹೆಡ್ ಮಾಷ್ಟ್ರನ್ನು ನಾಳೆಯೇ ಕೇಳಿ. ಶಾಲು ತರಲು ಇನ್ನೂ ಸಮಯ ಇದೆ, ಆ ಕಾಗದಗಳಿಗೆ ಇಲ್ಲ.